ಮರಳಿ ಕಲಿಯುವ ನಡಿಗೆ

(ಬಾನುಲಿ ಭಾಷಣ)

ಪುನರ್ವಸತಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಮುಳುಗಡೆಯಾದ ಊರುಗಳು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಮನೆ, ತೋಟ, ಗುಡಿಗಳನ್ನು ನೀರಿಗೆ ಬಿಟ್ಟುಬಂದ ಸಂಸಾರಗಳಿಗೆ ಬೇರೆಡೆ ನೆಲ ತೋರಿಸಿದ ಕೆಲಸಕ್ಕೆ ನಾವು ಆ ಹೆಸರು ಕೊಟ್ಟೆವು. ವೈದ್ಯಕೀಯದಲ್ಲಿಯೂ ಇದೇ ಮಾತು ಬಳಕೆಯಲ್ಲಿದೆ. ರೋಗಿ ಊರು ಬಿಟ್ಟವನಲ್ಲ, ಮನೆ ಕಳೆದುಕೊಂಡವನಲ್ಲ; ಅವನಿಗೆ ಎಂತಹ ಪುನರ್ವಸತಿ ಎಂದು ಯಾರಾದರೂ ಕೇಳಬಹುದು. ಆದರೆ ಮೂವತ್ತರ ಹರೆಯದಲ್ಲಿ, ಒಂದು ಬೆಳಿಗ್ಗೆ ಹಾಸಿಗೆಯಿಂದೆದ್ದು ನಿಂತಾಗ, ತನ್ನ ಕಾಲು ತನ್ನ ಮಾತು ಕೇಳದೆ ಹೋದುದನ್ನು ಕಂಡವರನ್ನು ವಿಚಾರಿಸಿ ನೋಡಿ. ಹುಟ್ಟಿದಂದಿನಿಂದ ವಾಸವಾಗಿದ್ದ ಮನೆಯಿಂದ ಹೇಳದೆ ಕೇಳದೆ ಹೊರಗೆ ನಿಲ್ಲಿಸಿದ ಅನುಭವ ಅದು. ಆ ಮನೆ ಅವರ ದೇಹವೇ. ಅಲ್ಲಿಗೆ ಮತ್ತೆ ಹೋಗಿ ನೆಲೆಸುವುದು ಹೇಗೆ ಎಂಬುದೇ ಈ ಹೊತ್ತು ನಾನು ಹೇಳಹೊರಟಿರುವ ವಿಷಯ. ಫಿಸಿಯೋಥೆರಪಿ, ಎಂದರೆ ವ್ಯಾಯಾಮದ ಮೂಲಕ ಚಿಕಿತ್ಸೆ ನೀಡುವುದು, ನನ್ನ ವೃತ್ತಿ. ಆ ವೃತ್ತಿ ನನಗೆ ಕಲಿಸಿದ್ದರಲ್ಲಿ ಸ್ವಲ್ಪವನ್ನು ನಿಮ್ಮ ಮುಂದಿಡುತ್ತೇನೆ.

ನಾನು ಹೇಳುತ್ತಿರುವ ರೋಗದ ಹೆಸರು ಮಲ್ಟಿಪಲ್ ಸ್ಕ್ಲಿರೋಸಿಸ್. ವೈದ್ಯರು ಚಿಕ್ಕದಾಗಿ ಎಂ.ಎಸ್. ಎನ್ನುತ್ತಾರೆ. ಸ್ಕ್ಲಿರೋಸಿಸ್ ಎಂದರೆ ಗಡುಸಾಗುವುದು. ಮಲ್ಟಿಪಲ್ ಎಂದರೆ ಹಲವು. ಮೆದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಅಲ್ಲಲ್ಲಿ ಗಡುಸಾದ ಕಲೆಗಳು ಉಳಿಯುವುದರಿಂದ ಈ ಹೆಸರು ಬಂದಿದೆ. ನಮ್ಮ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಕವಚವುಂಟು. ಆ ಕವಚದಲ್ಲಿ ನಡುನಡುವೆ ಸಣ್ಣ ತೆರಪುಗಳಿವೆ. ಮೆದುಳಿನ ಅಪ್ಪಣೆ ಒಂದು ತೆರಪಿನಿಂದ ಇನ್ನೊಂದಕ್ಕೆ ನೆಗೆಯುತ್ತ ಸಾಗುತ್ತದೆ. ಹಳ್ಳ ದಾಟುವವನು ಕಲ್ಲಿನಿಂದ ಕಲ್ಲಿಗೆ ಹಾರಿ ಕಾಲು ತೋಯದಂತೆ ಆಚೆ ದಡ ಸೇರುವ ಹಾಗೆ. ದಪ್ಪ ಕವಚವುಳ್ಳ ತಂತುವಿನಲ್ಲಿ ಸಂದೇಶದ ವೇಗ ಸೆಕೆಂಡಿಗೆ 100 ಮೀಟರಿನಷ್ಟಿರಬಲ್ಲದು. ಕವಚವೇ ಇಲ್ಲದ ಸಣ್ಣ ತಂತುವಿನಲ್ಲಿ ಸುಮಾರು 1 ಮೀಟರು. ಎಂ.ಎಸ್. ರೋಗದಲ್ಲಿ ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಈ ಕವಚದ ಮೇಲೆ ಎರಗುತ್ತದೆ. ಹಳ್ಳದ ಕಲ್ಲುಗಳು ಕೊಚ್ಚಿಹೋಗುತ್ತವೆ. ಸಂದೇಶ ನೀರಿಗಿಳಿದು, ತಡವರಿಸುತ್ತ, ಕೆಲವೊಮ್ಮೆ ತಡವಾಗಿ ತಲುಪುತ್ತದೆ; ಕೆಲವೊಮ್ಮೆ ತಲುಪುವುದೇ ಇಲ್ಲ.

ಕವಚ ಎಲ್ಲಿ ಹರಿಯಿತೋ ಅದಕ್ಕೆ ತಕ್ಕಂತೆ ತೊಂದರೆ. ಒಬ್ಬರಿಗೆ ಒಂದು ಕಣ್ಣು ಮಬ್ಬಾಗುತ್ತದೆ, ಒಬ್ಬರಿಗೆ ಪಾದ ಜೋಮು ಹಿಡಿಯುತ್ತದೆ, ಮತ್ತೊಬ್ಬರಿಗೆ ನಡಿಗೆ ತೂರಾಡುತ್ತದೆ. ಬಹುಮಂದಿಯಲ್ಲಿ ರೋಗ ಬಂದು ಹೋಗುತ್ತದೆ. ವಾರಗಳ ಕಾಲ ಕಾಡಿ, ತಿಂಗಳುಗಳ ಕಾಲ ಸುಮ್ಮನಿದ್ದು, ಮತ್ತೆ ಬರುತ್ತದೆ. ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ, ಗಂಡಸರಿಗಿಂತ ಹೆಂಗಸರಲ್ಲಿ ಎರಡು ಪಟ್ಟಿಗೂ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಓದು ಮುಗಿಸಿ ಕೆಲಸಕ್ಕೆ ಸೇರುವ, ಮದುವೆಯಾಗುವ, ಮಕ್ಕಳನ್ನು ಹೆರುವ ವಯಸ್ಸೇ ಅದು. 2020ರ ಜಾಗತಿಕ ಅಂದಾಜಿನಂತೆ ಪ್ರಪಂಚದಲ್ಲಿ ಸುಮಾರು 28 ಲಕ್ಷ ಜನ ಈ ರೋಗದೊಡನೆ ಬಾಳುತ್ತಿದ್ದರು. ಶೀತ ದೇಶಗಳಲ್ಲಿ ಇದು ಹೆಚ್ಚು, ನಮ್ಮಲ್ಲಿ ಕಡಿಮೆ. ಆದರೆ ಕಡಿಮೆ ಎಂಬ ಮಾತು, ಬಂದವರ ಮನೆಯಲ್ಲಿ ಯಾವ ಸಮಾಧಾನವನ್ನೂ ತರುವುದಿಲ್ಲ.

ಸಾಹಿತ್ಯಪ್ರಿಯರಾದ ತಮಗೆ ಒಂದು ದಿನಚರಿಯ ವಿಷಯ ಹೇಳಬೇಕು. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ಮೊಮ್ಮಗ ಅಗಸ್ಟಸ್ ದೆಸ್ತೆ ಎಂಬಾತ 1822ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಬೆಟ್ಟಸೀಮೆಗೆ ಹೋದ. ತಂದೆಯಂತೆ ಪ್ರೀತಿಸುತ್ತಿದ್ದ ಬಂಧುವೊಬ್ಬರನ್ನು ನೋಡಲು ಹೋದವನು ಅವರ ಶವಸಂಸ್ಕಾರದಲ್ಲಿ ಪಾಲ್ಗೊಳ್ಳಬೇಕಾಯಿತು. ಅದಾದ ಸ್ವಲ್ಪದರಲ್ಲೇ ಅವನ ಕಣ್ಣು ಮಬ್ಬಾಯಿತು, ಓದಲಾಗಲಿಲ್ಲ. ಮತ್ತೆ ಯಾವ ಔಷಧವೂ ಇಲ್ಲದೆ ತಾನಾಗಿ ತಿಳಿಯಾಯಿತು. ಮುಂದಿನ ವರ್ಷಗಳಲ್ಲಿ ಕಾಲು ಸೋತದ್ದು, ಮತ್ತೆ ಬಲ ಬಂದದ್ದು, ಪುನಃ ಸೋತದ್ದು ಎಲ್ಲವನ್ನೂ ಆತ 1846ರವರೆಗೆ ಬರೆದಿಟ್ಟ. ತನ್ನ ರೋಗಕ್ಕೆ ಹೆಸರೇನೆಂಬುದು ಅವನಿಗೂ ತಿಳಿಯದು, ಅವನ ವೈದ್ಯರಿಗೂ ತಿಳಿಯದು. ಆತ 1848ರಲ್ಲಿ ತೀರಿಕೊಂಡ. ಅದಾದ ಇಪ್ಪತ್ತು ವರ್ಷಗಳ ಮೇಲೆ, 1868ರಲ್ಲಿ, ಪ್ಯಾರಿಸಿನ ಸಾಲ್ಪೆತ್ರಿಯೆರ್ ಆಸ್ಪತ್ರೆಯ ಜಾನ್ ಮಾರ್ತಾ ಶಾರ್ಕೊ ಅವರು ರೋಗಿಗಳ ಲಕ್ಷಣಗಳನ್ನೂ ಸತ್ತವರ ಮೆದುಳಿನ ಕಲೆಗಳನ್ನೂ ಜೋಡಿಸಿ ಈ ರೋಗವನ್ನು ಸ್ಪಷ್ಟವಾಗಿ ವಿವರಿಸಿದರು. ಅವರು ಹೆಸರು ಕೊಟ್ಟರು, ಮದ್ದು ಕೊಡಲಾಗಲಿಲ್ಲ.

ಮದ್ದಿಲ್ಲದ ಕಡೆ ವಿಶ್ರಾಂತಿಯೇ ಮದ್ದಾಗುವುದು ಲೋಕಾರೂಢಿ. ಎಂ.ಎಸ್. ರೋಗಿಗಳಿಗೆ ವಿಶ್ರಾಂತಿ ಹೇಳುವುದಕ್ಕೆ ಇನ್ನೊಂದು ಕಾರಣವೂ ಒದಗಿತು. 1890ರಲ್ಲಿ ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಊಟ್‌ಹೋಫ್ ಎಂಬವರು ಕೆಲವು ರೋಗಿಗಳಲ್ಲಿ ಶ್ರಮಪಟ್ಟೊಡನೆ ದೃಷ್ಟಿ ಮಂದವಾಗುವುದನ್ನು ಗುರುತಿಸಿದರು. ಇದರ ಮೂಲ ಶ್ರಮವಲ್ಲ, ಶ್ರಮದಿಂದೇರುವ ದೇಹದ ಶಾಖ ಎಂಬುದು ಮುಂದೆ ತಿಳಿಯಿತು. ಕವಚ ಹರಿದ ನರತಂತು ಶಾಖವನ್ನು ತಡೆಯಲಾರದು. ಮೈಯ ಉಷ್ಣತೆ ಅರ್ಧ ಡಿಗ್ರಿ ಏರಿದರೂ ಕುಂಟುತ್ತ ಸಾಗುತ್ತಿದ್ದ ಸಂದೇಶ ನಿಂತುಹೋಗಬಹುದು. ಹಳ್ಳದಲ್ಲಿ ನೀರು ಒಂದು ಗೇಣು ಏರಿದಂತೆ. ರೋಗವನ್ನು ಗುರುತಿಸಲು ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಲಕ್ಷಣಗಳು ಹೆಚ್ಚಾಗುವುವೆ ಎಂದು ನೋಡುವ ಪರೀಕ್ಷೆಯೂ ಉಂಟಾಗಿತ್ತು. 1980ರ ದಶಕದಲ್ಲಿ ಎಂ.ಆರ್.ಐ. ಯಂತ್ರ ಬಂದ ಮೇಲೆ ಅದು ಹಿಂದೆ ಸರಿಯಿತು.

ನಮ್ಮ ಮನೆಗಳಲ್ಲಿ ಈ ಪರೀಕ್ಷೆ ಯಾರೂ ಹೇಳಿಕೊಡದೆಯೇ ನಡೆದುಬಿಡುತ್ತದೆ. ಹಬ್ಬದ ದಿನ ಮೈಗೆಲ್ಲ ಎಣ್ಣೆ ತಿಕ್ಕಿ, ಹಂಡೆಯ ಸುಡುನೀರನ್ನು ತಲೆಯ ಮೇಲೆ ಹುಯ್ದುಕೊಂಡ ಮಗಳು ಬಚ್ಚಲಿನಿಂದ ಏಳಲಾರದೆ ಕೂಗಿದಳೆಂದು ಹೇಳಿಕೊಂಡು ಬರುವ ತಾಯಂದಿರನ್ನು ನಾನು ಕಂಡಿದ್ದೇನೆ. ಲಕ್ವ ಹೊಡೆಯಿತೆಂದು ಮನೆಯವರೆಲ್ಲ ಅತ್ತಿರುತ್ತಾರೆ. ಗಾಳಿ ಹಾಕಿ, ಮೈ ತಣಿದು ಒಂದು ಗಂಟೆಯಾದ ಮೇಲೆ ಮಗಳು ತಾನಾಗಿ ಎದ್ದಿರುತ್ತಾಳೆ. ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಇದು: ಶಾಖದಿಂದ ಹೆಚ್ಚಿದ ತೊಂದರೆ ಶಾಖವಿಳಿದೊಡನೆ ಇಳಿಯುತ್ತದೆ. ಅದು ನರಕ್ಕೆ ಹೊಸ ಪೆಟ್ಟಲ್ಲ, ರೋಗದ ಹೊಸ ದಾಳಿಯಲ್ಲ. ಈ ವ್ಯತ್ಯಾಸ ಸ್ಪಷ್ಟವಾಗದಿದ್ದ ಕಾಲದಲ್ಲಿ ವೈದ್ಯರು, ಶ್ರಮಪಟ್ಟರೆ ರೋಗ ಹೆಚ್ಚುತ್ತದೆಂದು ಅಂಜಿ, ಅಲುಗಾಡಬೇಡಿ ಎಂದರು. ಅವರನ್ನು ಹಳಿಯಬೇಕಾಗಿಲ್ಲ, ಕಣ್ಣೆದುರು ಕಂಡದ್ದನ್ನೇ ಅವರು ನಂಬಿದರು. ಆದರೆ ಇಪ್ಪತ್ತನೆಯ ಶತಮಾನದ ಬಹುಭಾಗ ಆ ಮಾತು ಎಷ್ಟೋ ಜನರನ್ನು ಹಾಸಿಗೆಗೆ ಕಟ್ಟಿಹಾಕಿತು.

ಹಾಸಿಗೆ ಏನು ಮಾಡುತ್ತದೆ? ಇದನ್ನು ತಿಳಿಯಲು ರೋಗಿಯೇ ಬೇಕೆಂದಿಲ್ಲ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ 20ರ ಹರೆಯದ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿ ಪರೀಕ್ಷಿಸಿದರು. ಶ್ರಮದ ಕಾಲದಲ್ಲಿ ಅವರ ದೇಹ ಬಳಸಬಲ್ಲ ಆಮ್ಲಜನಕದ ಪ್ರಮಾಣ ಕಾಲು ಭಾಗಕ್ಕಿಂತ ಹೆಚ್ಚಾಗಿ ಕುಸಿದಿತ್ತು. ಮೂವತ್ತು ವರ್ಷಗಳ ಮೇಲೆ ಅದೇ ಐವರನ್ನು ಹುಡುಕಿ ಮತ್ತೆ ಪರೀಕ್ಷಿಸಿದಾಗ ಒಂದು ವಿಸ್ಮಯ ಕಂಡಿತು. ಮೂವತ್ತು ವರ್ಷಗಳ ಮುಪ್ಪು ಕಸಿದುಕೊಂಡುದಕ್ಕಿಂತ ಆ ಮೂರು ವಾರಗಳ ಹಾಸಿಗೆ ಕಸಿದುಕೊಂಡದ್ದೇ ಹೆಚ್ಚು! ಗಟ್ಟಿಮುಟ್ಟಾದ ತರುಣರ ಪಾಡು ಇದಾದರೆ, ಮೊದಲೇ ನರ ಸೋತ ಹೆಂಗಸು ಮೂರು ವಾರವಲ್ಲ, ಮೂರು ವರ್ಷ ಮಲಗಿದರೆ ಏನಾದೀತು?

ಆದುದರಿಂದ ಎಂ.ಎಸ್. ಬಂದವರ ನಷ್ಟವನ್ನು ಎರಡು ಬೇರೆ ಕಲಮುಗಳಲ್ಲಿ ಬರೆಯಬೇಕೆಂಬುದು ನನ್ನ ಅಭಿಪ್ರಾಯ. ಒಂದು, ರೋಗ ಕೊಂಡೊಯ್ದದ್ದು. ಇನ್ನೊಂದು, ಸುಮ್ಮನಿದ್ದುದರಿಂದ ಹೋದದ್ದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಸೋತ ಕಾಲು, ಕುಗ್ಗಿದ ಉಸಿರು, ಬಿಗಿದ ಕೀಲು, ಬಾಡಿದ ಮುಖ. ಎಲ್ಲವನ್ನೂ ರೋಗದ ಲೆಕ್ಕಕ್ಕೆ ಬರೆದು ನಾವು ಕೈಚೆಲ್ಲುತ್ತೇವೆ. ಮೊದಲನೆಯದನ್ನು ಮರಳಿ ತರುವುದು ಇಂದಿಗೂ ಕಷ್ಟ. 1993ರಲ್ಲಿ ಇಂಟರ್‌ಫೆರಾನ್ ಬೀಟಾ ಎಂಬ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತಂದಿನಿಂದ ರೋಗದ ದಾಳಿಗಳನ್ನು ತಗ್ಗಿಸುವ ಹಲವು ಔಷಧಗಳು ಬಂದಿವೆ. ಅವು ಮುಂದಿನ ನಷ್ಟವನ್ನು ಕಡಿಮೆ ಮಾಡುತ್ತವೆ, ಆಗಿಹೋದುದನ್ನು ತುಂಬಿಕೊಡಲಾರವು. ಆದರೆ ಎರಡನೆಯ ಕಲಮಿನ ನಷ್ಟ ಹಾಗಲ್ಲ. ಅದರಲ್ಲಿ ಬಹುಪಾಲನ್ನು ದುಡಿದು ಮರಳಿ ಪಡೆಯಬಹುದು. ಪುನರ್ವಸತಿ ತರಬೇತಿಯ ಮೊದಲ ಕೆಲಸವೇ ಇದು.

ಇದಕ್ಕೆ ಸಾಕ್ಷಿ 1996ರಲ್ಲಿ ದೊರೆಯಿತು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಜ್ಯಾಕ್ ಪೆಟಜಾನ್ ಮತ್ತು ಅವರ ಸಹೋದ್ಯೋಗಿಗಳು 54 ಮಂದಿ ಎಂ.ಎಸ್. ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆ ಮೂರು ದಿನ, ದಿನಕ್ಕೆ 40 ನಿಮಿಷ, ಕೈಕಾಲುಗಳಿಂದ ಪೆಡಲು ತುಳಿಯುವ ಯಂತ್ರದಲ್ಲಿ 15 ವಾರ ವ್ಯಾಯಾಮ ಮಾಡಿಸಿದರು. ಇನ್ನೊಂದು ಗುಂಪು ಎಂದಿನಂತಿತ್ತು. ವ್ಯಾಯಾಮ ಮಾಡಿದವರ ದೇಹ ಬಳಸಬಲ್ಲ ಆಮ್ಲಜನಕ ಶೇಕಡ 22ರಷ್ಟು ಹೆಚ್ಚಿತು. ಕೈಕಾಲುಗಳ ಬಲ ಹೆಚ್ಚಿತು. ಖಿನ್ನತೆ, ಸಿಟ್ಟು ತಗ್ಗಿದವು. ರೋಗದ ತೀವ್ರತೆಯನ್ನು ಅಳೆಯುವ ಅಂಕಿ ಮಾತ್ರ ಇದ್ದಲ್ಲಿಯೇ ಇತ್ತು. ಈ ಕೊನೆಯ ಮಾತನ್ನು ನಾನು ಬಹಳ ಬೆಲೆಯುಳ್ಳದ್ದೆಂದು ತಿಳಿಯುತ್ತೇನೆ. ರೋಗ ಇದ್ದಂತೆಯೇ ಇದೆ, ಆದರೆ ಮನುಷ್ಯನ ಬಾಳು ಇದ್ದಂತಿಲ್ಲ. ಒಂದು ಮೆಟ್ಟಿಲು ಮೇಲೇರಿದೆ. 2004ರಲ್ಲಿ ಅದುವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಯೊಂದು ವ್ಯಾಯಾಮದಿಂದ ಕೇಡಾದುದಕ್ಕೆ ಸಾಕ್ಷ್ಯವಿಲ್ಲವೆಂದು ಹೇಳಿತು. 2013ರಲ್ಲಿ ಕೆನಡಾದ ತಜ್ಞರು ಸೌಮ್ಯ ಹಾಗೂ ಮಧ್ಯಮ ಸ್ಥಿತಿಯ ರೋಗಿಗಳಿಗೆ ವಾರಕ್ಕೆ ಎರಡು ಸಲ 30 ನಿಮಿಷಗಳ ಮಿತಶ್ರಮದ ವ್ಯಾಯಾಮ, ಎರಡು ಸಲ ಸ್ನಾಯುಬಲದ ವ್ಯಾಯಾಮ ಎಂದು ಪ್ರಮಾಣವನ್ನೇ ಗೊತ್ತುಮಾಡಿದರು. ಅಲುಗಬೇಡಿ ಎಂಬ ಮಾತಿನಿಂದ ಇಷ್ಟು ದೂರ ಬರಲು ಒಂದು ಶತಮಾನಕ್ಕಿಂತ ಹೆಚ್ಚು ಹಿಡಿಯಿತು.

ತರಬೇತಿ ಎಂದರೆ ಬರಿಯ ಕಸರತ್ತಲ್ಲ. ಅದು ಒಂದು ಬಗೆಯ ಮರುವಿದ್ಯಾಭ್ಯಾಸ. ಊರುಗೋಲಿನಿಂದಲೇ ಆರಂಭಿಸೋಣ. ಬಲಗಾಲು ಸೋತವರು ಕೋಲನ್ನು ಬಲಗೈಯಲ್ಲಿ ಹಿಡಿಯುವುದು ವಾಡಿಕೆ. ಹಿಡಿಯಬೇಕಾದದ್ದು ಎಡಗೈಯಲ್ಲಿ. ನಾವು ನಡೆಯುವಾಗ ಬಲಗಾಲಿನೊಡನೆ ಎಡಗೈ ಮುಂದೆ ಬರುತ್ತದಷ್ಟೆ. ಕೋಲು ಆ ಕೈಯಲ್ಲಿದ್ದರೆ ಸೋತ ಕಾಲು ನೆಲಕ್ಕೂರಿದಾಗಲೇ ಕೋಲೂ ಊರಿ ಭಾರವನ್ನು ಹಂಚಿಕೊಳ್ಳುತ್ತದೆ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಇಷ್ಟು ಸಣ್ಣ ಪಾಠದಿಂದ ಬೀದಿಯ ಕೊನೆಯವರೆಗೆ ಹೋಗಲಾರದವರು ಬಸ್ಸಿನ ನಿಲ್ದಾಣದವರೆಗೆ ಹೋದುದುಂಟು. ನಡೆಯುವಾಗ ಪಾದದ ತುದಿ ಜೋತುಬಿದ್ದು ಎಡವುವವರಿಗೆ ಪಾದವನ್ನು ಎತ್ತಿಹಿಡಿಯುವ ಹಗುರವಾದ ಆಸರೆಪಟ್ಟಿ ದೊರೆಯುತ್ತದೆ. ಬಿಗಿದ ಸ್ನಾಯುಗಳನ್ನು ದಿನವೂ ನಿಧಾನವಾಗಿ ಎಳೆದು ಸಡಿಲಿಸಬೇಕು. ಆದರೆ ಕೆಲವರ ಕಾಲಿನಲ್ಲಿ ಆ ಬಿಗಿತವೇ ಕಂಬದಂತೆ ನಿಂತು ಅವರನ್ನು ನಿಲ್ಲಿಸಿರುತ್ತದೆ. ಎಲ್ಲವನ್ನೂ ಸಡಿಲಿಸಿದರೆ ಅವರು ಕುಸಿಯುತ್ತಾರೆ. ಎಷ್ಟು ಸಡಿಲ, ಎಷ್ಟು ಬಿಗಿ ಎಂಬುದನ್ನು ಒಬ್ಬೊಬ್ಬರಲ್ಲಿಯೂ ನೋಡಿಯೇ ತೀರ್ಮಾನಿಸಬೇಕು.

ಪಶ್ಚಿಮದವರು ಬರೆದ ಪಾಠಗಳು ನಮ್ಮ ಮನೆಗಳಿಗೆ ಹಾಗೆಯೇ ಹೊಂದುವುದಿಲ್ಲ. ಅವರು ಕುರ್ಚಿಯಿಂದ ಏಳುವುದನ್ನು ಕಲಿಸುತ್ತಾರೆ; ನಮಗೆ ನೆಲದಿಂದ ಏಳುವುದು ಬೇಕು. ಊಟ ನೆಲದ ಮೇಲೆ, ಪೂಜೆ ನೆಲದ ಮೇಲೆ, ಮಗುವಿನೊಡನೆ ಆಟ ನೆಲದ ಮೇಲೆ. ಅದಕ್ಕೂ ಕ್ರಮವಿದೆ. ಪಕ್ಕಕ್ಕೆ ಹೊರಳಿ ಮಂಡಿಯೂರಿ, ಅಲುಗದ ಒಂದು ಸ್ಟೂಲಿನ ಮೇಲೆ ಎರಡೂ ಕೈಯಿಟ್ಟು, ಬಲವುಳ್ಳ ಕಾಲನ್ನು ಮುಂದಿಟ್ಟು ಮೇಲೇಳಬೇಕು. ಬಿದ್ದಾಗ ಏಳುವ ವಿಧಾನವೂ ಇದೇ. ಇದನ್ನು ಬಲ್ಲವರಿಗೆ ಬೀಳುವ ಭಯವೇ ಅರ್ಧ ಕಡಿಮೆಯಾಗುತ್ತದೆ. ಕುಕ್ಕುರುಗಾಲಿನಲ್ಲಿ ಕೂರುವ ಪಾಯಿಖಾನೆ ತೊಡೆಯ ಬಲವಿಲ್ಲದವರಿಗೆ ದೊಡ್ಡ ಶಿಕ್ಷೆ. ಎತ್ತರದ ಆಸನ, ಗೋಡೆಗೊಂದು ಹಿಡಿಕಂಬಿ ಇವು ಅವರ ಮಾನವನ್ನು ಉಳಿಸುತ್ತವೆ. ಬಚ್ಚಲಿನಲ್ಲೊಂದು ಸ್ಟೂಲು, ಸುಡುನೀರಿನ ಬದಲು ಉಗುರುಬೆಚ್ಚಗಿನ ನೀರು. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಂತೂ ವ್ಯಾಯಾಮವನ್ನು ಬೆಳಗಿನ ತಂಪಿನಲ್ಲೇ ಮುಗಿಸಬೇಕು. ಮೊದಲೂ ನಡುವೆಯೂ ತಣ್ಣೀರು ಕುಡಿದು, ಒದ್ದೆ ಬಟ್ಟೆಯನ್ನು ಕುತ್ತಿಗೆಗೆ ಸುತ್ತಿಕೊಂಡರೆ ಅದೇ ಕಾಲು ಇನ್ನೂ ಹತ್ತು ನಿಮಿಷ ದುಡಿಯುತ್ತದೆ.

ಕಾಲಿನ ಸೋಲು ಕಣ್ಣಿಗೆ ಕಾಣುತ್ತದೆ. ಕಾಣದ ಸೋಲೊಂದಿದೆ: ಆಯಾಸ. ಎಂ.ಎಸ್. ಬಂದವರಲ್ಲಿ ಬಹುಮಂದಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಪೀಡಿಸುವುದು ಅದೇ. ಅದು ದುಡಿದು ದಣಿದವರ ಆಯಾಸವಲ್ಲ. ನಿದ್ದೆ ಮಾಡಿದರೂ ಹೋಗದು. ನೋಡಲು ಚೆನ್ನಾಗಿಯೇ ಇರುವ ಸೊಸೆ ಹಗಲು ಹನ್ನೊಂದಕ್ಕೆ ಗೋಡೆಗೊರಗಿ ಕೂತರೆ ಅವಳಿಗೆ ಸೋಮಾರಿ ಎಂಬ ಬಿರುದು ಸಿಗುವುದಕ್ಕೆ ಎಷ್ಟು ಹೊತ್ತು? ಇದನ್ನು ಎದುರಿಸಲು ಶಕ್ತಿಯ ಮಿತವ್ಯಯವನ್ನು ಕಲಿಸುವ ಆರು ವಾರಗಳ ಪಾಠಕ್ರಮವೊಂದು 1995ರಲ್ಲಿ ಪ್ರಕಟವಾಯಿತು. ಅದನ್ನು ಅನುಸರಿಸಿದವರಲ್ಲಿ ಆಯಾಸದ ಕಾಟ ತಗ್ಗಿದುದನ್ನು ಮುಂದಿನ ಪರೀಕ್ಷೆಗಳು ತೋರಿಸಿದವು. ಅದರ ತಿರುಳು ಸಂಬಳದಲ್ಲಿ ಸಂಸಾರ ತೂಗಿಸುವ ಪ್ರತಿಯೊಬ್ಬ ಗೃಹಿಣಿಗೂ ಗೊತ್ತಿರುವುದೇ. ತಿಂಗಳ ಮೊದಲ ವಾರದಲ್ಲೇ ಕೈ ಬರಿದು ಮಾಡಿಕೊಂಡರೆ ಕೊನೆಯ ವಾರ ಉಪವಾಸ. ಆದುದರಿಂದ ದಿನದ ಕೆಲಸಗಳನ್ನು ಬರೆದು, ಯಾವುದು ತಾನೇ ಮಾಡಬೇಕಾದದ್ದು, ಯಾವುದು ಬೇರೆಯವರು ಮಾಡಬಹುದಾದದ್ದು, ಯಾವುದನ್ನು ಬಿಟ್ಟರೂ ನಡೆಯುವುದು ಎಂದು ವಿಂಗಡಿಸಬೇಕು. ದಣಿವಾದ ಮೇಲಲ್ಲ, ದಣಿಯುವ ಮೊದಲೇ ವಿಶ್ರಮಿಸಬೇಕು. ತರಕಾರಿಯನ್ನು ಕೂತು ಹೆಚ್ಚಬೇಕು. ದಿನಬಳಕೆಯ ಪಾತ್ರೆಗಳು ಸೊಂಟದೆತ್ತರದ ಹಲಗೆಯ ಮೇಲಿರಬೇಕು.

ನಾನು ಬಲ್ಲ ಪ್ರೌಢಶಾಲೆಯ ಉಪಾಧ್ಯಾಯಿನಿಯೊಬ್ಬರಿಗೆ ನಿಮ್ಮ ಗುರಿಯೇನೆಂದು ಕೇಳಿದೆ. ಓಡಬೇಕು, ಬೆಟ್ಟ ಹತ್ತಬೇಕು ಎಂದವರು ಹೇಳಲಿಲ್ಲ. ಒಂದು ಪೀರಿಯಡ್ಡು ಹಲಗೆಯ ಮುಂದೆ ನಿಂತು ಪಾಠ ಮಾಡಬೇಕು ಎಂದರು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದೆವು. ಪಾಠಗಳು ಬೆಳಗಿನ ಹೊತ್ತಿಗೆ ಬಂದವು. ತರಗತಿ ಕೆಳಗಿನ ಅಂತಸ್ತಿಗೆ ಇಳಿಯಿತು. ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವ ಅಭ್ಯಾಸ ಎರಡು ನಿಮಿಷದಿಂದ ಆರಂಭವಾಗಿ ವಾರ ವಾರಕ್ಕೆ ಬೆಳೆಯಿತು. ಮೊದಮೊದಲು ಅವರ ತಾಯಿ ನೀರಿನ ಲೋಟವನ್ನೂ ಕೈಗೆ ತಂದುಕೊಡುತ್ತಿದ್ದರು. ಒಂದು ದಿನ ನನ್ನ ಎದುರಿಗೇ ಮಗಳು, “ಅಮ್ಮಾ, ನೀನು ಸುಮ್ಮನೆ ಕೂತುಕೋ. ನಾನೇ ಎದ್ದು ತಗೋತೀನಿ,” ಎಂದರು. “ಬಿದ್ದುಗಿದ್ದೀಯೆ ಕಣೇ,” ಎಂದು ತಾಯಿ ಅರ್ಧ ಎದ್ದವರು, ನನ್ನ ಮುಖ ನೋಡಿ ಕೂತರು. ಮಗಳು ಲೋಟ ತರಲು ಹಿಡಿದದ್ದು ಮೂರು ನಿಮಿಷ. ಆ ಮೂರು ನಿಮಿಷ ಮಗಳಿಗಿಂತ ತಾಯಿಗೇ ಕಠಿಣವಾದ ವ್ಯಾಯಾಮವಾಗಿತ್ತು.

ಇನ್ನು, ಬಾನುಲಿಯಲ್ಲಿ ಆಡಲು ಸಂಕೋಚವಾದರೂ ಆಡಲೇಬೇಕಾದ ಮಾತೊಂದಿದೆ. ಈ ರೋಗದಲ್ಲಿ ಮೂತ್ರಕೋಶದ ಹತೋಟಿ ತಪ್ಪುವುದು ಸಾಮಾನ್ಯ. ಒಮ್ಮೆ ತಡೆಯಲಾಗದಂತೆ ಅವಸರ, ಒಮ್ಮೆ ಪೂರ್ತಿ ಹೊರಹೋಗದೆ ಕಟ್ಟಿದಂತಹ ಬಾಧೆ. ಹೆಂಗಸರು ಇದನ್ನು ಗಂಡನೊಡನೆಯೂ ಹೇಳುವುದಿಲ್ಲ. ನೀರು ಕುಡಿಯುವುದನ್ನು ಬಿಡುತ್ತಾರೆ, ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಡುತ್ತಾರೆ, ಕೊನೆಗೆ ಮನೆಯ ಹೊಸ್ತಿಲನ್ನೇ ದಾಟುವುದಿಲ್ಲ. ನೀರು ಬಿಟ್ಟರೆ ಸೋಂಕು ಹೆಚ್ಚುತ್ತದೆ. ಸೋಂಕು ಜ್ವರ ತರುತ್ತದೆ. ಜ್ವರದ ಶಾಖ ಕಾಲಿನ ಬಲ ಕಸಿಯುತ್ತದೆ. ಇದಕ್ಕೂ ತರಬೇತಿಯಿದೆ. ಗಡಿಯಾರ ನೋಡಿ ಗೊತ್ತಾದ ಹೊತ್ತಿಗೆ ಮೂತ್ರವಿಸರ್ಜನೆ, ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿದು ಬಿಡುವ ಅಭ್ಯಾಸ. ಅಷ್ಟರಿಂದ ಸಾಲದವರು ತೆಳುವಾದ ನಳಿಕೆಯನ್ನು ತಾವೇ ಬಳಸಲು ಕಲಿಯಬಹುದು. ಆಸ್ಪತ್ರೆಯ ನಿರ್ಜಂತುಕ ಏರ್ಪಾಟಿಲ್ಲದೆ, ಸ್ವಚ್ಛವಾದ ಕೈಯಿಂದ ಮನೆಯಲ್ಲಿಯೇ ಇದನ್ನು ಮಾಡಿಕೊಳ್ಳಬಹುದೆಂದು ಅಮೆರಿಕದ ವೈದ್ಯ ಜ್ಯಾಕ್ ಲ್ಯಾಪಿಡಿಸ್ 1972ರಲ್ಲಿ ತೋರಿಸಿಕೊಟ್ಟರು. ಹೊಸ್ತಿಲೊಳಗೆ ಸಿಕ್ಕಿಕೊಂಡವರನ್ನು ಮತ್ತೆ ಬೀದಿಗೆ ಕರೆತಂದ ವಿದ್ಯೆಗಳಲ್ಲಿ ಇದು ದೊಡ್ಡದು.

ಮಾತು ತೊದಲುವವರಿಗೆ, ನುಂಗುವಾಗ ಕೆಮ್ಮು ಬರುವವರಿಗೆ ವಾಕ್ ಚಿಕಿತ್ಸಕರು ನೆರವಾಗುತ್ತಾರೆ. ಅರ್ಧದಷ್ಟು ಮಂದಿಗೆ ನೆನಪು, ಗಮನಗಳಲ್ಲಿಯೂ ತೊಡಕುಂಟು. ಒಂದು ಹೊತ್ತಿಗೆ ಒಂದೇ ಕೆಲಸ, ಕೈಯಲ್ಲೊಂದು ಟಿಪ್ಪಣಿ ಪುಸ್ತಕ ಎಂಬ ಶಿಸ್ತು ಅವರನ್ನು ಕಾಯುತ್ತದೆ. ಹೀಗೆ ವೈದ್ಯರು, ದಾದಿಯರು, ವ್ಯಾಯಾಮ ಕಲಿಸುವವರು, ದಿನಗೆಲಸಗಳ ಹೊಸ ದಾರಿಯನ್ನು ತೋರಿಸುವ ಆಕ್ಯುಪೇಷನಲ್ ಥೆರಪಿಸ್ಟರು, ಮನಶ್ಶಾಸ್ತ್ರಜ್ಞರು ಎಲ್ಲರೂ ಕೂಡಿ ಮಾಡಬೇಕಾದ ಕೆಲಸ ಇದು. ಆದರೆ ಆ ಗುಂಪಿನ ಮುಖ್ಯಸ್ಥರು ರೋಗಿಯೇ. ಹಾಗಾಗಬೇಕಾದರೆ ಅವರಿಗೆ ತಮ್ಮ ರೋಗದ ಹೆಸರು ತಿಳಿದಿರಬೇಕು. ಬಾರ್ಬೆಲಿಯನ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಇಂಗ್ಲೆಂಡಿನ ಪ್ರಕೃತಿಶಾಸ್ತ್ರಜ್ಞ ಬ್ರೂಸ್ ಕಮಿಂಗ್ಸ್ 1915ರಲ್ಲಿ ಸೈನ್ಯದ ವೈದ್ಯಕೀಯ ಪರೀಕ್ಷೆಗೆ ಹೋಗಿ ಬರುವಾಗ, ತನ್ನ ವೈದ್ಯರು ಮೊಹರು ಹಾಕಿ ಕೊಟ್ಟಿದ್ದ ಪತ್ರವನ್ನು ರೈಲಿನಲ್ಲಿ ಒಡೆದು ಓದಿ ತನ್ನ ರೋಗವೇನೆಂದು ತಿಳಿದುಕೊಂಡ. ಮದುವೆಗೆ ಮೊದಲೇ ಅವನ ಹೆಂಡತಿಗೆ ಅದು ಗೊತ್ತಿತ್ತು; ಗೊತ್ತಿಲ್ಲದವನು ಅವನೊಬ್ಬನೆ. 1919ರಲ್ಲಿ ಪ್ರಕಟವಾದ ಅವನ ದಿನಚರಿ ಇಂಗ್ಲಿಷ್ ಸಾಹಿತ್ಯದಲ್ಲಿ ಹೆಸರಾಯಿತು. ಅದೇ ವರ್ಷ ಅವನು ತೀರಿಕೊಂಡ. ರೋಗಿಯೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ರೋಗದ ಹೆಸರು ತಿಳಿದಿರುವ ಮನೆಗಳು ನಮ್ಮಲ್ಲಿ ಇಂದಿಗೂ ಕಡಿಮೆಯಿಲ್ಲ. ಹೆಸರು ಮುಚ್ಚಿಟ್ಟು ತರಬೇತಿ ಕೊಡುವುದು ಕಣ್ಣು ಕಟ್ಟಿ ದಾರಿ ತೋರಿಸಿದಂತೆ.

ತರಬೇತಿಯ ಮಿತಿಯನ್ನೂ ಹೇಳಿಬಿಡಬೇಕು. ಅದು ರೋಗವನ್ನು ಗುಣಪಡಿಸದು. ಹೊಸ ದಾಳಿ ನಡೆದಿರುವಾಗ ವೈದ್ಯರ ಚಿಕಿತ್ಸೆ ಮೊದಲು, ವ್ಯಾಯಾಮ ಆಮೇಲೆ. ಕೆಲವರಲ್ಲಿ ರೋಗ ನಿಲ್ಲದೆ ಮುಂದುವರಿಯುತ್ತದೆ; ಅವರಿಗೆ ಗಾಲಿಕುರ್ಚಿ ಬೇಕಾಗುತ್ತದೆ. ಗಾಲಿಕುರ್ಚಿ ಸೋಲಿನ ಗುರುತಲ್ಲ. ಹತ್ತು ಹೆಜ್ಜೆಗೆ ದಿನದ ಶಕ್ತಿಯನ್ನೆಲ್ಲ ಸುರಿಯುವುದಕ್ಕಿಂತ ಕುರ್ಚಿಯಲ್ಲಿ ಹೋಗಿ ಆ ಶಕ್ತಿಯನ್ನು ಮೆಚ್ಚಿದ ಕೆಲಸಕ್ಕೆ ಉಳಿಸುವುದು ಜಾಣತನ. ಚೆಲ್ಲೊ ವಾದನದಲ್ಲಿ ಲೋಕಪ್ರಸಿದ್ಧರಾಗಿದ್ದ ಜ್ಯಾಕ್ಲಿನ್ದು ಪ್ರೆ ಅವರಿಗೆ 1973ರಲ್ಲಿ, 28ನೆಯ ವಯಸ್ಸಿನಲ್ಲಿ, ಎಂ.ಎಸ್. ಎಂದು ತಿಳಿಯಿತು. ಬೆರಳು ತಂತಿಯ ಗುರುತು ಹಿಡಿಯದಾಯಿತು. ಯಾವ ತರಬೇತಿಯೂ ಆ ವಾದನವನ್ನು ಹಿಂದಕ್ಕೆ ತರಲಿಲ್ಲ. ಆದರೆ ಗಾಲಿಕುರ್ಚಿಯಲ್ಲಿ ಕೂತು ಅವರು ಇತರರಿಗೆ ಪಾಠ ಹೇಳಿದರು. 1987ರಲ್ಲಿ ಅವರು ತೀರಿಕೊಂಡಾಗ ಅವರಿಗೆ 42 ವರ್ಷ. ಉಳಿದುದರಲ್ಲಿ ಯಾವುದು ತನ್ನದು ಎಂದು ಹುಡುಕಿಕೊಳ್ಳುವುದೂ ಪುನರ್ವಸತಿಯ ಒಂದು ಭಾಗವೇ.

ನಮ್ಮ ನಾಡಿನಲ್ಲಿ ಈ ಕೆಲಸಕ್ಕೆ ನೆಲೆಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗಿಗಳ ಪುನರ್ವಸತಿಗೆಂದೇ ಒಂದು ವಿಭಾಗವಿದೆ. ಮಾತಿನ ತೊಡಕಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಭಾರತದ ಮಲ್ಟಿಪಲ್ ಸ್ಕ್ಲಿರೋಸಿಸ್ ಸೊಸೈಟಿ 1985ರಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿಯೂ ಅದರ ಶಾಖೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ತಾನು ಮನ್ನಿಸುವ 21 ಬಗೆಯ ವೈಕಲ್ಯಗಳಲ್ಲಿ ಈ ರೋಗದ ಹೆಸರನ್ನು ಸೇರಿಸಿದೆ. ಸೇವೆಯಲ್ಲಿದ್ದಾಗ ವೈಕಲ್ಯ ಬಂದಿತೆಂಬ ಕಾರಣಕ್ಕೆ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವುದಾಗಲಿ ಕೆಳದರ್ಜೆಗೆ ಇಳಿಸುವುದಾಗಲಿ ಕೂಡದೆಂದೂ ಅದು ಹೇಳುತ್ತದೆ. ರಾಜೀನಾಮೆ ಬರೆಯಲು ಕೂತವರು ಮೊದಲು ಈ ಕಾಯಿದೆಯನ್ನು ಓದಬೇಕು.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ತಮ್ಮವರು ಒದ್ದಾಡುವುದನ್ನು ನೋಡಿಕೊಂಡು ಸುಮ್ಮನಿರುವುದು ಸುಲಭವಲ್ಲ. ಕೈ ತಾನಾಗಿ ಮುಂದಾಗುತ್ತದೆ. ಆದರೆ ಅವರು ಗುಂಡಿ ಹಾಕಿಕೊಳ್ಳುವವರೆಗೆ, ತುತ್ತು ಕಲಸಿಕೊಳ್ಳುವವರೆಗೆ, ಮೆಟ್ಟಿಲು ಹತ್ತುವವರೆಗೆ ಹಿಂದೆ ಒಂದು ಹೆಜ್ಜೆ ದೂರದಲ್ಲಿ ನಿಲ್ಲಿ. ಬಿದ್ದರೆ ಹಿಡಿಯುವಷ್ಟು ಹತ್ತಿರ, ತಾವೇ ಮಾಡಿದೆವೆಂದು ಅವರಿಗೆ ಅನ್ನಿಸುವಷ್ಟು ದೂರ. ಆ ಒಂದು ಹೆಜ್ಜೆಯ ಅಳತೆ ಯಾವ ವೈದ್ಯಗ್ರಂಥದಲ್ಲಿಯೂ ಇಲ್ಲ. ಅದನ್ನು ಪ್ರತಿ ಮನೆಯೂ ದಿನ ದಿನವೂ ತಾನೇ ಕಂಡುಕೊಳ್ಳಬೇಕು.